ಥರ್ಮಾಕೋಲ್ ಉಪಗ್ರಹ ಸಾಕು, ನಿಜವಾದ ಸದ್ದು ಕೇಳಿಸಿ

ಮಾನ್ಯ ಸಂಪಾದಕರೇ,

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನವೆಂದರೆ ಥರ್ಮಾಕೋಲ್ ಉಪಗ್ರಹ ಇದ್ದೇ ಇರುತ್ತದೆ. ಅದರ ಬದಲು, ತುಮಕೂರಿನ ಮೇಲೂ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ (ಹ್ಯಾಮ್) ರೇಡಿಯೊವನ್ನೇ ಮಕ್ಕಳಿಗೆ ಕೇಳಿಸಬಹುದು. ದುಬಾರಿ ಕಿಟ್ ಬೇಕಿಲ್ಲ.

ಮಾಳಿಗೆ ಮೇಲೆ ಬಿದ್ದಿರುವ ಹಳೇ ದೂರದರ್ಶನ ಆಂಟೆನಾದಿಂದ 49 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕೊಳವೆ ಕತ್ತರಿಸಿ. ಮರದ ಹಲಗೆಯ ಮೇಲೆ, ಒಂದಕ್ಕೊಂದು ತಾಗದಂತೆ, 120 ಡಿಗ್ರಿ ಕೋನದಲ್ಲಿ ನೆಲಕ್ಕೆ ಸಮಾಂತರವಾಗಿ ಕೂರಿಸಿ. ಒಂದಕ್ಕೆ ಕೇಬಲಿನ ನಡುತಂತಿ, ಇನ್ನೊಂದಕ್ಕೆ ಹೊರಜಾಲರಿ. ಕೇಳುವುದಕ್ಕಷ್ಟೇ ಆದರೆ ಕೇಬಲ್ ಟಿವಿಯ ಆರ್‌ಜಿ-6 ಸಾಕು. ಆದರೆ ಅದರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಸ್ಕ್ರೂ, ವಾಷರ್ ಹಾಕಿ ಬಿಗಿಯಬೇಕು. ಆಂಟೆನಾ ಮೂಕವಾದರೆ ಮೊದಲು ನೋಡಬೇಕಾದ್ದು ಈ ಜಾಗವನ್ನೇ.

ಕೇಬಲನ್ನು, ಲ್ಯಾಪ್‌ಟಾಪನ್ನು ರೇಡಿಯೊ ಆಗಿಸುವ ಪುಟ್ಟ ಯುಎಸ್‌ಬಿ ಸಾಧನವಾದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ ಕೊಡಿ. ಡಾಂಗಲ್ ಬಿಸಿಯಾಗುವವರೆಗೆ ಆವರ್ತನ ಜಾರುತ್ತದೆ, ಕಾಲು ಗಂಟೆ ಮೊದಲೇ ಹಾಕಿಡಿ. ತಂತ್ರಾಂಶದಲ್ಲಿ, ಮಾತಿನ ರೇಡಿಯೊಗಳು ಬಳಸುವ ನ್ಯಾರೋ ಎಫ್‌ಎಂ ಇಟ್ಟು ಕ್ಷೀಣ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಪೂರ್ತಿ ತೆರೆಯಿರಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಚಾರ್ಜರ್, ಎಲ್‌ಇಡಿ ದೀಪ, ಸೋಲಾರ್ ಇನ್ವರ್ಟರ್ ಹತ್ತಿರವಿದ್ದರೆ ಬರೀ ಗೊರಗೊರ ಸದ್ದು.

ನಿಲ್ದಾಣ ಸದ್ದಿನ ರೂಪದಲ್ಲಿ ಚಿತ್ರ ಕಳಿಸುವ ದಿನಗಳಲ್ಲಿ 145.800 ಮೆಗಾಹರ್ಟ್ಸ್ ಇಟ್ಟು ಸುಮ್ಮನಿದ್ದರಾಯಿತು, ನಿಲ್ದಾಣದ ವೇಗದಿಂದಾಗುವ ಆವರ್ತನದ ಏರಿಳಿತ (ಡಾಪ್ಲರ್ ಜಾರಿಕೆ) 3.5 ಕಿಲೋಹರ್ಟ್ಸ್ ಆಸುಪಾಸು ಮಾತ್ರ. ನೆಲದ ಹವ್ಯಾಸಿಗಳ ಮಾತು ನಿಲ್ದಾಣದಿಂದ ಮರುಪ್ರಸಾರವಾಗುವ 437.800ರಲ್ಲಿ ಹಾಗಲ್ಲ: 437.810ರಿಂದ ಶುರುಮಾಡಿ, ಐದೈದು ಕಿಲೋಹರ್ಟ್ಸ್ ಇಳಿಸುತ್ತ 437.790ಕ್ಕೆ ಬರಬೇಕು. ಆವರ್ತನ ಮೂರು ಪಟ್ಟಾದ್ದರಿಂದ ಅದೇ ಆಂಟೆನಾ ಇಲ್ಲಿಯೂ ಒಂದು ಮಟ್ಟಿಗೆ ಒದಗುತ್ತದೆ. ಹಾದುಹೋಗುವ ವೇಳೆ ಲೆಕ್ಕಹಾಕಲು ಹವ್ಯಾಸಿಗಳ ನಕ್ಷೆಯಲ್ಲಿ ತುಮಕೂರಿನ ಚೌಕದ ಸಂಕೇತವಾದ ಎಂಕೆ83 ಬದಲು ಬೆಂಗಳೂರಿನ ಎಂಕೆ82 ಕೊಟ್ಟರೂ ಕೆಲವೇ ಸೆಕೆಂಡು ವ್ಯತ್ಯಾಸ. ಕಕ್ಷೆಯ ಮಾಹಿತಿ ಹಳತಾಗಿದ್ದರೆ ಮಾತ್ರ ನಿಮಿಷಗಟ್ಟಲೆ ತಪ್ಪಬಹುದು.

ಮಾತನಾಡಲು ಪರೀಕ್ಷೆ, ಪರವಾನಗಿ ಕಡ್ಡಾಯ. 12 ವರ್ಷ ತುಂಬಿದವರು ಬರೆಯಬಹುದು. 145.990ರಲ್ಲಿ, ನಿಲ್ದಾಣದ ಮರುಪ್ರಸಾರ ತೆರೆಯುವ 67 ಹರ್ಟ್ಸ್ ಟೋನ್ ಸಹಿತ, 5 ವಾಟ್‌ನ ಕೈಸೆಟ್ ಸಾಕು. ಆಗ ಅದೇ ಮೂರು ಪಟ್ಟಿನ ಲೆಕ್ಕ ತಿರುಗಿ ಬೀಳುತ್ತದೆ: 145.990ರ ಮೂರನೇ ಹಾರ್ಮೋನಿಕ್ (ಕಳಿಸುವ ಸೆಟ್ ಜೊತೆಗೇ ಹೊರಡಿಸುವ ಮೂರು ಪಟ್ಟಿನ ಆವರ್ತನ) 437.970, ಕೇಳುವ ಆವರ್ತನದ ಪಕ್ಕದಲ್ಲೇ! ಮೈಕ್ ಒತ್ತಿದೊಡನೆ ರಿಸೀವರ್ ಕಿವುಡಾಗುತ್ತದೆ. ಕಳಿಸುವ ಸೆಟ್ಟನ್ನು ಹತ್ತಾರು ಅಡಿ ದೂರ ಇಡಿ, ಇಲ್ಲವೇ ಫಿಲ್ಟರ್ ಹಾಕಿ.

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಾದರೂ ಮುಂದಿನ ಪ್ರದರ್ಶನದಲ್ಲಿ ಇದನ್ನು ಕೈಗೆತ್ತಿಕೊಳ್ಳಲಿ. ಅತಿಥಿಗಳ ವೇಳೆ ನೋಡಿ ಕಾರ್ಯಕ್ರಮ ಗೊತ್ತುಮಾಡಬೇಡಿ, ನಿಲ್ದಾಣ ಯಾರಿಗೂ ಕಾಯುವುದಿಲ್ಲ. ವ್ಯೋಮನಡಿಗೆ, ನೌಕೆಗಳ ಜೋಡಣೆ ಇರುವಾಗ ಅದರ ಹವ್ಯಾಸಿ ರೇಡಿಯೊ ಆರಿಸುವುದೂ ಉಂಟು. ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

– ಕೆಲವು ಹವ್ಯಾಸಿ ರೇಡಿಯೊ ನಿರ್ವಾಹಕರು, ತುಮಕೂರು