ವಿಡಿಯೊ ಅಳಿಸಿದ್ದೇನೆ, ನೀವೂ ಅಳಿಸಿ

ಎಲ್ಲರಿಗೂ ನಮಸ್ಕಾರ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹುಡುಗಿಯದು ಅಂತ ನಿನ್ನೆ ರಾತ್ರಿ ಗುಂಪಿಗೆ ಬಂದ ವಿಡಿಯೊ ತೆಗೆದಿದ್ದೇನೆ. ಹಾಕಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹುಡುಗಿಯ ಸ್ಕೂಲ್ ಬ್ಯಾಗು, ಮನೆ ಗೇಟು ಎಲ್ಲ ಕಾಣುತ್ತಿತ್ತು. ಮುಖ ಮಬ್ಬು ಮಾಡಿದರೆ ಸಾಲದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಹೆಸರು, ಮನೆ, ಶಾಲೆ ಯಾವುದರ ಗುರುತೂ ಹೊರಬರುವಂತಿಲ್ಲ.

‘ದೊಡ್ಡ ಮನುಷ್ಯರ ವಿಷಯ, ಅವರಿಗೆ ಏನೂ ಆಗಲ್ಲ ಬಿಡಿ’ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ಸ್ವಯಂಘೋಷಿತ ದೇವಮಾನವ ಆಸಾರಾಂ ಬಾಪು ಮೇಲಿನ ಅತ್ಯಾಚಾರದ ಕೇಸು ನೆನಪಿದೆ ಅಲ್ವಾ? 2013ರಲ್ಲಿ ದೂರು ಕೊಟ್ಟಾಗ ಹುಡುಗಿಗೆ 16 ವರ್ಷ. ಅವಳ ಅಪ್ಪನೇ ಆತನ ಭಕ್ತ. ಸಾಕ್ಷಿಗಳ ಮೇಲೆ ದಾಳಿಯಾಯಿತು, ಕೆಲವರ ಕೊಲೆಯೇ ಆಯಿತು. ಮನೆಯವರು ಜಗ್ಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಆಸಾರಾಂಗೆ ಜೀವಾವಧಿ ಶಿಕ್ಷೆಯಾಯಿತು. ಗಲಾಟೆಯ ಭಯಕ್ಕೆ ತೀರ್ಪು ಓದಿದ್ದೂ ಜೋಧಪುರದ ಜೈಲಿನೊಳಗೇ!

ಯಾರಿಗಾದರೂ ಏನಾದರೂ ಗೊತ್ತಿದ್ದರೆ ಇಲ್ಲಿ ಚರ್ಚೆ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸರಿಗೆ ಹೇಳಿ. ಗೊತ್ತಿದ್ದೂ ಸುಮ್ನಿದ್ದರೆ ಅದೂ ಅಪರಾಧವೇ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಯೂನಿಫಾರ್ಮ್ ಹಾಕುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಹಾಗಾಗಿ ಹೆದರಬೇಡಿ.

ವಿಡಿಯೊ ಡೌನ್‌ಲೋಡ್ ಮಾಡಿಕೊಂಡವರು ಗ್ಯಾಲರಿಯಿಂದಲೂ ಈಗಲೇ ತೆಗೆಯಿರಿ.