ದೋಸ್ತ, ಇಪ್ಪತ್ತು ಕೌದಿ ಕಳಿಸಬೇಡ

ಪ್ರೀತಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜು ಬಂದು ಮೂರು ವಾರವಾಯಿತು. ಎರಡು ಮಾತಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಬರೀ ‘ಆಗಲ್ಲ’ ಅಂದರೆ, ಅಮೆರಿಕಕ್ಕೆ ಹೋಗಿ ಬದಲಾದ ಅಂತ ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲ ತಪ್ಪು ನನ್ನದೇ. ಇಲ್ಲಿ ಅಯೋವಾ ರಾಜ್ಯದ ಕಲೋನಾ ಅನ್ನುವ ಊರಿನ ಅಂಗಡಿಯಲ್ಲಿ ನೇತುಹಾಕಿದ್ದ ಕ್ವಿಲ್ಟಿನ, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆಯ ಫೋಟೋ ನಿನಗೆ ಕಳಿಸಬಾರದಿತ್ತು. ಚೀಟಿಯ ಮೇಲೆ 1,100 ಡಾಲರ್ ಅಂತಿತ್ತು. ನೀನು ಕೂಡಲೇ ರೂಪಾಯಿಗೆ ಗುಣಿಸಿದೆ, ಲಕ್ಷದ ಹತ್ತಿರ ಬಂತು. ‘ನಮ್ಮ ಕೌದಿನೂ ಇದೇ ಅಲ್ಲೇನು? ಸಂಘದ ಹೆಣ್ಣಮಕ್ಕಳು ಇಪ್ಪತ್ತು ಹೊಲಿದು ಕೊಡ್ತಾರ, ನೀ ಅಲ್ಲಿ ಜಾತ್ರಿಯೊಳಗ ಮಾರು’ ಅಂದೆ. ವೈನಿಯವರ ದನಿಯೂ ಹಿಂದೆ ಕೇಳಿಸಿತು, ದಾರದ ಖರ್ಚಿನ ಲೆಕ್ಕ ಹೇಳುತ್ತಿದ್ದರು.

ಕಲೋನಾದ ಸುತ್ತ ಆಮಿಷ್ ಅನ್ನುವ ಕ್ರೈಸ್ತ ಪಂಗಡದ ಜನ ಇದ್ದಾರೆ. ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳುವುದಿಲ್ಲ. ಅವರ ಹೆಂಗಸರ ಕೈಹೊಲಿಗೆಗೆ ಹೆಸರಿದೆ. ಆ ಊರಿನ ಫುಟ್‌ಪಾತಿನಲ್ಲೂ ಇಟ್ಟಿಗೆಯಿಂದ ಕ್ವಿಲ್ಟಿನ ವಿನ್ಯಾಸ ಮಾಡಿದ್ದಾರೆ. ಆ 1,100 ಡಾಲರ್ ಬರೀ ಬಟ್ಟೆಗಲ್ಲ. ತಲೆಮಾರುಗಳಿಂದ ಬಂದ ಹೆಸರಿಗೂ ಸೇರಿಸಿ. ನಮ್ಮ ಕೌದಿಗೆ ಇಲ್ಲಿ ಆ ಹೆಸರಿಲ್ಲ. ಹೆಸರು ಆಮೇಲಿನ ಮಾತು, ಮೊದಲು ಇಲ್ಲಿನ ಜಾತ್ರೆ ಹೇಗೆ ಅಂತ ಹೇಳುತ್ತೇನೆ.

ಅಯೋವಾ ನಿನಗೆ ಇಷ್ಟವಾಗುವ ರಾಜ್ಯ. ನಮ್ಮ ಎರೆಹೊಲದ ಹಾಗೇ ಕಪ್ಪು ಮಣ್ಣು. ಎತ್ತ ನೋಡಿದರೂ ಮೆಕ್ಕೆಜೋಳ, ಸೋಯಾ. ಜನ 32 ಲಕ್ಷ, ಹಂದಿಗಳು 2 ಕೋಟಿಗೂ ಜಾಸ್ತಿ. 99 ಕೌಂಟಿ ಇವೆ, ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಂದುಕೋ. ಪ್ರತಿ ಕೌಂಟಿಗೂ ಒಂದು ಫೇರ್, ಅಂದರೆ ಜಾತ್ರೆ. ಹೆಚ್ಚಿನವು ಜುಲೈನಲ್ಲಿ ನಡೆಯುತ್ತವೆ. ಸ್ಪೆನ್ಸರ್ ಊರಿನ ಕ್ಲೇ ಕೌಂಟಿ ಫೇರ್ ಮಾತ್ರ ಸೆಪ್ಟೆಂಬರಿನಲ್ಲಿ, 1918ರಿಂದ ನಡೆದಿದೆ. ತಮ್ಮದೇ ಜಗತ್ತಿನ ಶ್ರೇಷ್ಠ ಕೌಂಟಿ ಫೇರ್ ಅಂತ ಅವರು ಬೋರ್ಡು ಹಾಕಿಕೊಂಡಿದ್ದಾರೆ. ಆಗಸ್ಟಿನಲ್ಲಿ ರಾಜಧಾನಿ ಡೆ ಮಾಯ್ನ್‌ನಲ್ಲಿ ಇಡೀ ರಾಜ್ಯದ ಫೇರ್. ಹನ್ನೊಂದು ದಿನ, ಹತ್ತು ಲಕ್ಷಕ್ಕೂ ಹೆಚ್ಚು ಜನ. ಅಲ್ಲಿ 1911ರಿಂದ ಬೆಣ್ಣೆಯಲ್ಲಿ ಹಸು ಮಾಡಿ ಗಾಜಿನ ತಣ್ಣನೆ ಕೋಣೆಯಲ್ಲಿ ಇಡುತ್ತಾರೆ. ಸುಮಾರು 600 ಪೌಂಡ್ ಬೆಣ್ಣೆ, ನಮ್ಮ ಲೆಕ್ಕದಲ್ಲಿ 270 ಕಿಲೋ. ಅವ್ವ ಅದರ ಮುಂದೆ ಕೈಕಟ್ಟಿ ನಿಂತು, ‘ಎಷ್ಟು ತುಪ್ಪ ಆಗ್ತಿತ್ತಲ್ಲೋ’ ಅಂದಳು. ಅದೇ ಬೆಣ್ಣೆಯನ್ನು ಕಾಯ್ದಿಟ್ಟು ಮುಂದಿನ ವರ್ಷಗಳಲ್ಲೂ ಬಳಸುತ್ತಾರೆ ಅಂತ ಹೇಳಿದ ಮೇಲೆ ಒಂಚೂರು ಸಮಾಧಾನವಾಯಿತು.

ಕೌಂಟಿ ಫೇರ್‌ನಲ್ಲಿ ಅಸಲಿ ವ್ಯವಹಾರ ಮಾರಾಟದ್ದಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೇ ನಾಲ್ಕು ವರ್ಷ ಬೇಕಾಯಿತು. ಅಲ್ಲಿ ಎಲ್ಲ ನಡೆಯುವುದು ರಿಬ್ಬನ್‌ಗಾಗಿ. ಕರು, ಹಂದಿ, ಕೋಳಿ, ಮೊಲ, ಟೊಮೆಟೊ, ಉಪ್ಪಿನಕಾಯಿ, ಜಾಮು, ಮರದ ಕುರ್ಚಿ, ಹೊಲಿದ ಅಂಗಿ ಎಲ್ಲಕ್ಕೂ ತೀರ್ಪುಗಾರರಿದ್ದಾರೆ. ಮಕ್ಕಳದು 4-ಎಚ್ ಅನ್ನುವ ಸಂಘ. ಈ ರಾಜ್ಯದ ಪೇಜ್ ಕೌಂಟಿಯಲ್ಲಿ ಜೆಸ್ಸಿ ಫೀಲ್ಡ್ ಅನ್ನುವ ಟೀಚರ್ 1900ರ ದಶಕದಲ್ಲಿ ಹುಡುಗರಿಗೆ ಜೋಳದ ಕ್ಲಬ್, ಹುಡುಗಿಯರಿಗೆ ಮನೆಗೆಲಸದ ಕ್ಲಬ್ ಮಾಡಿದ್ದರು. ಅಂಥವೇ ಬೆಳೆದು ದೇಶದ ತುಂಬ 4-ಎಚ್ ಆಯಿತು.

ಮಕ್ಕಳ ತೀರ್ಪು ನೋಡಬೇಕು ನೀನು. ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ. ಇದನ್ನು ಯಾಕೆ ಮಾಡಿದೆ, ಎಲ್ಲಿ ತಪ್ಪಿತು, ಮತ್ತೊಮ್ಮೆ ಮಾಡಿದರೆ ಏನು ಬದಲಿಸ್ತೀಯ ಅಂತ ಕೇಳುತ್ತಾರೆ. ಒಬ್ಬರ ವಸ್ತುವನ್ನು ಇನ್ನೊಬ್ಬರದಕ್ಕೆ ಹೋಲಿಸುವುದಿಲ್ಲ. ಒಂದು ಅಳತೆ ಇರುತ್ತದೆ, ಅದಕ್ಕೆ ತಕ್ಕಂತೆ ನೀಲಿ, ಕೆಂಪು, ಬಿಳಿ ರಿಬ್ಬನ್. ಹತ್ತು ಜನರಿಗೂ ನೀಲಿ ಸಿಗಬಹುದು. ನಮ್ಮ ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರು ಹಾಳೆ ಹರಿದು ಕೈಗೆ ಕೊಟ್ಟಿದ್ದು ನೆನಪಾಯಿತು. ಅದನ್ನು ಇಲ್ಲಿಗೇ ಬಿಡುತ್ತೇನೆ.

ದೊಡ್ಡವರಿಗೆ ಬೇರೆ ವಿಭಾಗವಿದೆ. ಅಲ್ಲಿ ನೀಲಿ ಅಂದರೆ ಮೊದಲನೆಯದು, ಕೆಂಪು ಎರಡನೆಯದು. ಹೋದ ವರ್ಷ ಅವ್ವ ಆರು ತಿಂಗಳು ಇಲ್ಲಿದ್ದಳಲ್ಲ, ಹೊತ್ತು ಹೋಗುತ್ತಿರಲಿಲ್ಲ. ಸೂಟ್‌ಕೇಸಿನಲ್ಲಿ ಹಳೆ ಸೀರೆ ತುಂಬಿಕೊಂಡು ಬಂದಿದ್ದಳು. ಒಂದು ಇಳಕಲ್ಲಿನದು, ಟೋಪ ತೆನಿ ಸೆರಗು ಮಾತ್ರ ಗಟ್ಟಿ ಉಳಿದಿತ್ತು. ಗುಳೇದಗುಡ್ಡದ ಖಣದ ಎರಡು ಕುಪ್ಪಸ. ಉಳಿದವು ಬರೀ ನೂಲಿನ ಸೀರೆ. ಕಿಟಕಿ ಹತ್ತಿರ ನೆಲದ ಮೇಲೆ ಹಾಸಿಕೊಂಡು ಹೊರಗಿನ ಅಂಚಿನಿಂದ ಒಳಗೆ ಸುತ್ತುತ್ತ ಹೊಲಿದಳು. ನಡುವಿನ ಕಡೇ ತುಂಡು ಮುಚ್ಚುವ ಮುಂಚೆ ಅದರ ಅಡಿಗೆ ನಾಲ್ಕು ಕಾಳು ಅಕ್ಕಿ ಹಾಕಿದಳು. ‘ಅದರ ಹೊಟ್ಟಿ ಖಾಲಿ ಇರಬಾರದು’ ಅನ್ನುತ್ತಾಳೆ. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ.

ಅದನ್ನು ನಮ್ಮ ಕೌಂಟಿ ಫೇರ್‌ಗೆ ಕೊಟ್ಟೆವು. ಕೊಡುವ ಹೊತ್ತಿಗೆ ಒಂದು ತಮಾಷೆ. ಯಾವ ವಿಭಾಗ? ಇಲ್ಲಿನ ಕ್ವಿಲ್ಟಿಗೆ ಮೂರು ಪದರ. ಮೇಲೆ ಜೋಡಿಸಿದ ಬಟ್ಟೆ, ನಡುವೆ ಹತ್ತಿಯ ಪದರ, ಅಡಿಗೆ ಇನ್ನೊಂದು ಬಟ್ಟೆ. ಕೌದಿಯಲ್ಲಿ ನಡುವೆ ಹತ್ತಿ ಎಲ್ಲಿದೆ? ಸೀರೆ ಮೇಲೆ ಸೀರೆ, ಅಷ್ಟೇ. ಮೇಜಿನ ಹಿಂದಿದ್ದ ಅಜ್ಜಿ ನಿಯಮದ ಪುಸ್ತಕ ಮುಂದೆ ಹಿಂದೆ ತಿರುವಿ ಹಾಕಿ, ಕೊನೆಗೆ ‘ಇತರೆ’ಗೆ ಸೇರಿಸಿದರು. ನಮ್ಮಲ್ಲೂ ಯಾವ ಅರ್ಜಿ ತುಂಬಿದರೂ ಕೊನೆಗೆ ಹೋಗಿ ನಿಲ್ಲುವುದು ಅಲ್ಲೇ, ಅಲ್ವಾ?

ಕೆಂಪು ರಿಬ್ಬನ್ ಬಂತು. ಜೊತೆಗೆ ಚೀಟಿ. ಬಣ್ಣ ಜೋಡಿಸಿದ ರೀತಿ ಬಹಳ ಚೆನ್ನಾಗಿದೆ, ಹೊಲಿಗೆ ಸಮ ಇಲ್ಲ, ಮೂಲೆಗಳು ಕೂಡಿಲ್ಲ ಅಂತ. ಇಲ್ಲಿನ ಕೈಹೊಲಿಗೆಯವರು ಒಂದು ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಹಾಕುತ್ತಾರೆ. ನಾನು ಓದಿ ಹೇಳಿದೆ. ಅವ್ವ ನಕ್ಕಳು. ‘ಹೊಲಿಗಿ ಎಣಸ್ತಾರಾ? ಹೊದ್ದು ನೋಡಿದ್ರಾ ಕೇಳು’ ಅಂದಳು. ನ್ಯಾಯವಾದ ಪ್ರಶ್ನೆ. ಯಾರೂ ಹೊದ್ದು ನೋಡಿರಲಿಲ್ಲ. ಬಹುಮಾನದ 3 ಡಾಲರಿನ ಚೆಕ್ಕು ಎರಡು ತಿಂಗಳ ಮೇಲೆ ಅಂಚೆಯಲ್ಲಿ ಬಂತು. ಈಗ ಅದು ಧಾರವಾಡದ ಮನೆಯಲ್ಲಿ ದೇವರ ಜಗುಲಿ ಮೇಲಿದೆ.

ರಿಬ್ಬನ್‌ಗಿಂತ ನನಗೆ ನೆನಪಿರುವುದು ಬೇರೆ. ಕ್ವಿಲ್ಟುಗಳನ್ನು ಹಗ್ಗದ ಆಚೆ ನೇತುಹಾಕಿರುತ್ತಾರೆ, ಮುಟ್ಟುವ ಹಾಗಿಲ್ಲ. ಬಿಳಿ ಕೈಗವಸು ಹಾಕಿಕೊಂಡ ಒಬ್ಬ ಹೆಂಗಸು ಬೇಕಾದವರಿಗೆ ಎತ್ತಿ ತೋರಿಸುತ್ತಾರೆ. ಎಪ್ಪತ್ತು ದಾಟಿದ ಒಬ್ಬ ರೈತ ಹೆಂಗಸು ಬಂದು ಅವ್ವನ ಕೌದಿ ತೋರಿಸಿ ಅಂದರು. ಮುಂದಿನ ಭಾಗ ನೋಡಲೇ ಇಲ್ಲ, ಹಿಂದಿನದು ತೋರಿಸಿ ಅಂದರು. ಅರ್ಧ ಗಂಟೆ ಮುಂಚೆ ಅವ್ವ ಅವರ ಕ್ವಿಲ್ಟಿಗೂ ಅದನ್ನೇ ಮಾಡಿದ್ದಳು. ಹೊಲಿಯುವವರು ಹೊಲಿಯುವವರನ್ನು ಪರೀಕ್ಷೆ ಮಾಡುವುದು ಹಿಂದಿನಿಂದ. ಆ ಅಜ್ಜಿ ಟೋಪ ತೆನಿಯ ಕೆಂಪು ತೋರಿಸಿ ಏನೋ ಕೇಳಿದರು. ಅವ್ವ ಕನ್ನಡದಲ್ಲಿ, ‘ಇದು ನನ್ನ ಮದುವಿ ಸೀರಿ’ ಅಂದಳು. ನಾನು ಅನುವಾದ ಮಾಡುವ ಮುಂಚೆಯೇ ಅವರು ತಲೆಯಾಡಿಸಿಬಿಟ್ಟಿದ್ದರು.

(ಆಮೇಲೆ ತಿನ್ನಲು ಹೋದೆವು. ಹಂದಿ ಚಾಪು ಕೋಲಿಗೆ ಚುಚ್ಚಿ ಕೊಡುತ್ತಾರೆ, ನಮಗೆ ಉಪಯೋಗವಿಲ್ಲ. ಫನಲ್ ಕೇಕ್ ಅಂತ ಒಂದಿದೆ. ಹಿಟ್ಟನ್ನು ಕೊಳವೆಯಿಂದ ಕಾದ ಎಣ್ಣೆಗೆ ಸುತ್ತಿ ಬಿಟ್ಟು, ಮೇಲೆ ಸಕ್ಕರೆ ಪುಡಿ ಉದುರಿಸುತ್ತಾರೆ. ‘ಜಿಲೇಬಿ ಮಾಡಿ ಪಾಕಕ್ಕ ಹಾಕೋದ ಮರತಾರ’ ಅಂದಳು ಅವ್ವ.)

ಇನ್ನು ಮಾರಾಟದ ವಿಷಯ. ಅದಕ್ಕೆ ಬೇರೆಯೇ ಜಾಗಗಳಿವೆ. ಕ್ರಾಫ್ಟ್ ಶೋ ಅನ್ನುತ್ತಾರೆ, ಮೇಕರ್ ಮಾರ್ಕೆಟ್ ಅನ್ನುತ್ತಾರೆ. ಬೇಸಿಗೆಯಲ್ಲಿ ಬಯಲಲ್ಲಿ, ಅಕ್ಟೋಬರ್ ನವೆಂಬರಿನಲ್ಲಿ ಶಾಲೆಯ ಜಿಮ್ಮಿನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ. ಕ್ರಿಸ್‌ಮಸ್ ಮುಂಚಿನ ಎರಡು ತಿಂಗಳೇ ಇವರ ಸುಗ್ಗಿ.

ನಮ್ಮಾಕೆ ಗ್ರೀನ್ ಕಾರ್ಡ್ ಬಂದ ಮೇಲೆ ಹುರುಪಿನಿಂದ ಬಟ್ಟೆ ಚೀಲ ಹೊಲಿದು ಒಂದು ಶಾಲೆಯ ಜಿಮ್ಮಿನಲ್ಲಿ ಮೇಜು ಹಾಕಿದಳು. ಅವ್ವನನ್ನು ಕೂರಿಸುವ ಹಾಗಿರಲಿಲ್ಲ, ವಿಸಿಟರ್ ವೀಸಾದವರು ವ್ಯಾಪಾರ ಮಾಡುವಂತಿಲ್ಲ. ಚೀಲಕ್ಕೆ 18 ಡಾಲರ್. ಹನ್ನೊಂದು ಹೋದವು, 198 ಬಂತು. ಮೇಜಿನ ಬಾಡಿಗೆ 60. ಬಟ್ಟೆ, ಜಿಪ್ಪು 70. ರಾಜ್ಯದ ಮಾರಾಟ ತೆರಿಗೆ ಶೇ. 6, ಬಹಳ ಊರುಗಳಲ್ಲಿ ಮೇಲೆ ಇನ್ನೊಂದು. ತೆರಿಗೆ ಸೇರಿಸಿ ಕೇಳುವುದನ್ನು ಮರೆತಿದ್ದಳು, ಅದು ಕೈಯಿಂದಲೇ ಹೋಯಿತು. ಉಳಿದದ್ದು 55. ಹೊಲಿದ ಹೊತ್ತು, ನಿಂತ ಹೊತ್ತು ಕೂಡಿಸಿದರೆ ಗಂಟೆಗೆ ಎರಡು ಡಾಲರೂ ಬೀಳಲಿಲ್ಲ. ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 7.25. ಪಕ್ಕದ ಮೇಜಿನಲ್ಲಿ ಸಾಬೂನು ಮಾರುತ್ತಿದ್ದ ಹೆಂಗಸು ನಮ್ಮ ಲೆಕ್ಕ ಕೇಳಿ, ಮೊದಲ ಸಲಕ್ಕೆ ಇದು ಒಳ್ಳೆಯದೇ ಅಂದರು. ಸಣ್ಣದನ್ನು ಇಡಿ, ಐದು ಡಾಲರಿನ ವಸ್ತು ಇರಬೇಕು, ಜನ ಸುಮ್ನೆ ಬರಿಗೈಲಿ ಹೋಗಲು ನಾಚುತ್ತಾರೆ ಅಂತಲೂ ಹೇಳಿದರು. ಅವರ ಹತ್ತಿರ ಲಿಪ್ ಬಾಮ್ ಇತ್ತು.

ಬಯಲಿನ ಮಾರ್ಕೆಟ್ಟಿನ ಕಷ್ಟ ಬೇರೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ. ನೀನೇ ಡೇರೆ ತರಬೇಕು. ಒಂದೊಂದು ಕಾಲಿಗೂ 40 ಪೌಂಡಿನಷ್ಟು ಭಾರ ಕಟ್ಟಬೇಕು. ಈ ರಾಜ್ಯದ ಗಾಳಿಗೆ ಅಡ್ಡ ಬರುವ ಗುಡ್ಡವೇ ಇಲ್ಲ. ಜೂನಿನಲ್ಲಿ ನನ್ನ ಕಣ್ಣೆದುರೇ ಒಂದು ಡೇರೆ ಎದ್ದು ಪಕ್ಕದ ಕುಂಬಾರನ ಮೇಜಿನ ಮೇಲೆ ಕೂತಿತು. ಆತ ಚೂರುಗಳನ್ನು ಬಾಚಿ ಡಬ್ಬಿಗೆ ತುಂಬುತ್ತ, ಭಾರ ಕಟ್ಟದ ಹುಡುಗನಿಗೆ ಒಂದು ಮಾತು ಅನ್ನಲಿಲ್ಲ. ನಮ್ಮ ಸಂತೆಯಲ್ಲಾಗಿದ್ದರೆ ಮೂರು ಊರಿನ ಹಿರಿಯರು ಕೂಡುತ್ತಿದ್ದರು.

ಈಗ ನಿನ್ನ ಇಪ್ಪತ್ತು ಕೌದಿ. ಒಳ್ಳೆಯ ಶೋಗಳಲ್ಲಿ ಮೊದಲು ಫೋಟೋ ಕಳಿಸಬೇಕು, ಅವರು ಆರಿಸುತ್ತಾರೆ. ಇಂಥ ಕಡೆ ಬಹುತೇಕ ಒಂದೇ ನಿಯಮ: ಮಾಡಿದವರೇ ಮೇಜಿನ ಹಿಂದೆ ನಿಲ್ಲಬೇಕು. ತರಿಸಿ ಮಾರುವವರಿಗೆ ‘ಬೈ-ಸೆಲ್’ ಅನ್ನುತ್ತಾರೆ, ಆ ಮಾತು ಇಲ್ಲಿ ಬೈಗುಳದ ಹಾಗೆ. ಎಲ್ಲಿಂದಲೋ ಗಂಟು ತರಿಸಿ ಕೈಕೆಲಸ ಅಂತ ಇಟ್ಟವರನ್ನು ಎಬ್ಬಿಸಿದ್ದನ್ನು ನೋಡಿದ್ದೇನೆ. ನಾನು ಇಪ್ಪತ್ತು ಕೌದಿ ಇಟ್ಟುಕೊಂಡು ಕೂತರೆ ನಾನೂ ಅದೇ. ಕೌದಿ ಅಪ್ಪಟವೇ, ಆದರೆ ಅದರ ಹಿಂದೆ ಕೂತ ನಾನು ಸೂಜಿಗೆ ದಾರ ಪೋಣಿಸಲೂ ಬಾರದವನು. ನಿಯಮ ಸರಿಯಿದೆ ಅಂತಲೇ ನನಗನ್ನಿಸುತ್ತದೆ. ಮಾಡಿದವರು ಎದುರಿಗಿದ್ದಾಗ ಜನ ಬೆಲೆ ಕೇಳುವ ರೀತಿಯೇ ಬೇರೆ.

ನಿಯಮ ಇಲ್ಲದ ಸಂತೆಗಳೂ ಇವೆ. ಅಲ್ಲೂ ಲೆಕ್ಕ ಕೂಡುವುದಿಲ್ಲ. ಕೌದಿ ಭಾರ, ಅಂಚೆಯ ಖರ್ಚೇ ಕೊಲ್ಲುತ್ತದೆ. 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಸುಂಕವಿಲ್ಲ ಅನ್ನುವ ರಿಯಾಯಿತಿ 2025ರ ಆಗಸ್ಟಿನಲ್ಲಿ ಹೋಯಿತು. ಮೇಲೆ ಲೇಬಲ್ ಬೇರೆ. ಯಾವ ದೇಶದ್ದು, ಶೇ. ಎಷ್ಟು ಹತ್ತಿ, ಎಷ್ಟು ಪಾಲಿಯೆಸ್ಟರ್ ಅಂತ ಬರೆದು ಹಚ್ಚಬೇಕು. ಹದಿನೈದು ಹಳೆ ಸೀರೆ ಸೇರಿಸಿದ ಕೌದಿಗೆ ಆ ಲೆಕ್ಕ ಯಾರು ಬರೆಯಬೇಕು? ವೈನಿಯವರನ್ನು ಕೇಳು, ಅವರೂ ನಗುತ್ತಾರೆ.

ಹಾಗಾಗಿ ಇಪ್ಪತ್ತು ಬೇಡ. ಸಂಘದವರ ದುಡ್ಡನ್ನು ನನ್ನ ಮಾತು ನಂಬಿ ದಾರಕ್ಕೆ ಹಾಕಿಸಬೇಡ.

ಒಂದು ಮಾತ್ರ ಕಳಿಸು. ನಮ್ಮ ಊರಿನಲ್ಲಿ ಕ್ವಿಲ್ಟ್ ಹೊಲಿಯುವವರ ಒಂದು ಕೂಟವಿದೆ, ತಿಂಗಳಿಗೊಮ್ಮೆ ಲೈಬ್ರರಿಯಲ್ಲಿ ಸೇರುತ್ತಾರೆ. ಅವ್ವನ ಕೌದಿ ನೋಡಿದ ಆ ಅಜ್ಜಿಯೂ ಅದರಲ್ಲಿದ್ದಾರೆ. ಜನವರಿಯಲ್ಲಿ ಬಂದು ಇದರ ಬಗ್ಗೆ ಹೇಳಿ ಅಂತ ಕರೆದಿದ್ದಾರೆ. ನಾನು ಏನು ಹೇಳಲಿ? ಅದಕ್ಕೇ ವೈನಿಯವರು, ಸಂಘದವರು ಹೊಲಿಯುತ್ತ ಮಾತಾಡುವ ವಿಡಿಯೋ ಬೇಕು, ನಾನು ಅನುವಾದ ಮಾಡುತ್ತೇನೆ. ಜೊತೆಗೆ ತೊಟ್ಟಿಲ ಕೂಸಿಗೆ ಹೊದಿಸುವಷ್ಟು ಸಣ್ಣ ಕೌದಿ. ಅದರ ದುಡ್ಡು ನಾನೇ ಕೊಡುತ್ತೇನೆ, ಸಂಘ ಹೇಳಿದ ಬೆಲೆ, ಚೌಕಾಸಿ ಇಲ್ಲ. ಅಲ್ಲಿ ಯಾರಾದರೂ ತಮಗೂ ಬೇಕು ಅಂದರೆ ನಿನ್ನ ನಂಬರು ಕೊಡುತ್ತೇನೆ, ವ್ಯವಹಾರ ನೀವೇ ಮಾಡಿಕೊಳ್ಳಿ.

ಒಂದೇ ತೊಂದರೆ. ಅವ್ವನಿಗೆ ಫೋನಿನಲ್ಲಿ ಹೇಳಿದೆ, ಅಕ್ಕಿ ಕಾಳು ಹಾಕದೆ ಮುಚ್ಚಬೇಡಿ ಅಂತ ವೈನಿಗೆ ಹೇಳು ಅಂದಳು. ಆದರೆ ನಮ್ಮ ದೇಶದ ಅಕ್ಕಿಯನ್ನು ಹೀಗೆ ಪಾರ್ಸೆಲ್ಲಿನಲ್ಲಿ ಇಲ್ಲಿಗೆ ಬಿಡುವುದಿಲ್ಲ, ಖಾಪ್ರಾ ಅನ್ನುವ ಹುಳ ಬಂದೀತು ಅಂತ ಇವರಿಗೆ ಭಯ. ನಾಲ್ಕು ಕಾಳಾದರೂ ಕಾನೂನು ಕಾನೂನೇ. ನಡುವಿನ ಕಡೇ ತುಂಡನ್ನು ಹೊಲಿಯದೆ ಬಿಟ್ಟು, ಅದನ್ನು ಪಿನ್ನು ಹಾಕಿ ಕಳಿಸಲು ಹೇಳು. ದಾರವನ್ನೂ ಇಡಿ. ಅಕ್ಕಿ ಇಲ್ಲಿಯದೇ ಹಾಕಿ ನಮ್ಮಾಕೆ ಮುಚ್ಚುತ್ತಾಳೆ. ಅಷ್ಟು ಜಾಗದಲ್ಲಿ ಇಂಚಿಗೆ ಎಷ್ಟು ಹೊಲಿಗೆ ಇರಬೇಕು ಅಂತ ವೈನಿಯವರನ್ನು ಕೇಳಿ ತಿಳಿಸು.

ನಿನ್ನ,
ಅಯೋವಾದ ದೋಸ್ತ