ದೂರ ಅಷ್ಟೇ, ಹೊತ್ತು ಬೇರೆ

ರಜೆ ಹತ್ತಿರ ಬಂದರೆ ನಮ್ಮ ಸಂಘದಲ್ಲಿ ವಿಮಾನ ಪ್ರಯಾಣದ ಬಗ್ಗೆ ಕೇಳಿಬರುವ ಪ್ರಶ್ನೆ ಒಂದೇ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ? ಕಿಲೋಮೀಟರ್ ಗೂಗಲ್ ಮಾಡಿದರೆ ಸಿಗುತ್ತದೆ. ತಕರಾರು ಇರುವುದು ಗಂಟೆಯದ್ದು. ದೂರ ಹೇಳುವ ಎಷ್ಟೋ ಜಾಲತಾಣಗಳು ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ಗೆರೆ ಅಳೆದು, ಗಂಟೆಗೆ 800-900 ಕಿ.ಮೀ. ಅಂತ ಭಾಗಿಸಿ, ವಿಮಾನ ಮೇಲೇರೋದಕ್ಕೆ ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿ ಕೊಟ್ಟುಬಿಡುತ್ತವೆ. ಹೋಗುವಾಗಲೂ ಅದೇ ಲೆಕ್ಕ, ಬರುವಾಗಲೂ ಅದೇ. ಆಕಾಶದಲ್ಲಿ ಹಾಗೆ ನಡೆಯುವುದಿಲ್ಲ.

ಲಂಡನ್, ನ್ಯೂಯಾರ್ಕ್ ನಡುವೆ ಸುಮಾರು 5,550 ಕಿ.ಮೀ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚುಕಮ್ಮಿ 8 ಗಂಟೆ, ವಾಪಸ್ ಬರುವಾಗ 7. ಎಲ್ಲ ಗಾಳಿಯ ಆಟ. ವಿಮಾನ ಹಾರುವ 10 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಬಿರುಸಾದ ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಿ ಅದರ ಜೋರು ಇನ್ನೂ ಜಾಸ್ತಿ. ಸೀಟಿನ ಮುಂದಿನ ಪರದೆಯಲ್ಲಿ ವೇಗ ತೋರಿಸುತ್ತಾರಲ್ವಾ, ಅದನ್ನು ಒಮ್ಮೆ ಗಮನಿಸಿ. 900ರ ವೇಗದ ವಿಮಾನಕ್ಕೆ ಹಿಂದಿನಿಂದ 150ರ ಗಾಳಿ ಸಿಕ್ಕರೆ ಅಲ್ಲಿ 1,050 ಕಾಣುತ್ತದೆ. ಅದೇ ಗಾಳಿ ಎದುರಾದರೆ 750. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ಈ ಗಾಳಿಯ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿದಿತ್ತು!

ದಾರಿಯೂ ಗೋಡೆಯ ನಕ್ಷೆಯಲ್ಲಿ ಕಾಣುವ ಹಾಗಿಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ನಡೆಸಿದ ನೇರ ವಿಮಾನ ಬಂದದ್ದು ಆ ಧ್ರುವದ ದಾರಿಯಲ್ಲೇ.

ಗಾಳಿ ಬಿಡಿ, ರಾಜಕೀಯ ಅದಕ್ಕಿಂತ ದೊಡ್ಡ ಅಡ್ಡಿ. ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲು ಒಂಬತ್ತೂವರೆ ಗಂಟೆ ಸಾಕಿತ್ತು. 2022ರಲ್ಲಿ ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ಫಿನ್ಏರ್ ಕಂಪನಿಯ ವಿಮಾನಗಳು ಸುತ್ತುಹಾಕಿ 13 ಗಂಟೆ ತೆಗೆದುಕೊಳ್ಳತೊಡಗಿದವು. ಧ್ರುವದ ಮೇಲೆ ಹಾರಿದ್ದಕ್ಕೆ ಪ್ರಯಾಣಿಕರಿಗೆ ಪ್ರಮಾಣಪತ್ರ ಬೇರೆ ಕೊಟ್ಟರು. ಮೂರೂವರೆ ಗಂಟೆ ಜಾಸ್ತಿ ಕೂತಿದ್ದಕ್ಕೆ ಅಷ್ಟಾದರೂ ಬೇಡವೇ? ದೂರದ ಲೆಕ್ಕ ಕೇಳಿದರೆ ಮಾತ್ರ ಇವತ್ತಿಗೂ ಹಳೇ ಉತ್ತರವೇ, ಸುಮಾರು 7,800 ಕಿ.ಮೀ.

ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ ಅನ್ನೋದು ಗೊತ್ತಿದ್ದೂ ಕೆಲವರು ಕಳೆದು ಲೆಕ್ಕ ಹಾಕುತ್ತಾರೆ. ಟೋಕಿಯೋದಿಂದ ಸಂಜೆ ಹೊರಟರೆ ಲಾಸ್ ಏಂಜಲೀಸ್‌ಗೆ ಅದೇ ದಿನ ಬೆಳಿಗ್ಗೆ ಬಂದಿಳಿಯುತ್ತೀರಿ, ಹಾಗಂತ ಪ್ರಯಾಣಕ್ಕೆ ಹೊತ್ತೇ ಹಿಡಿಯಲಿಲ್ಲ ಅಂತಲ್ಲ. ಕಂಪನಿಯವರು ಹೇಳುವ ಪ್ರಯಾಣದ ಅವಧಿ ಗೇಟಿನಿಂದ ಗೇಟಿಗೆ. ರನ್‌ವೇಗೆ ತೆವಳುವ ಹೊತ್ತು ಅದರಲ್ಲೇ ಸೇರಿರುತ್ತದೆ, ಮೇಲಿಷ್ಟು ನಿಮಿಷ ಹೆಚ್ಚಿಗೆ ಇಟ್ಟುಕೊಂಡಿರುತ್ತಾರೆ. ಅದಕ್ಕೇ ಪೈಲಟ್ ಇಪ್ಪತ್ತು ನಿಮಿಷ ಮುಂಚೆ ಬಂದೆವು ಅಂತ ಹೆಮ್ಮೆಯಿಂದ ಹೇಳುವುದು.

ಹಾಗಾಗಿ ನಡುವೆ ವಿಮಾನ ಬದಲಿಸುವುದಿದ್ದರೆ ಹೋಗುವ, ಬರುವ ಹೊತ್ತನ್ನು ಬೇರೆ ಬೇರೆಯಾಗಿಯೇ ನೋಡಿ. ಎದುರುಗಾಳಿಯ ಕಡೆಗೆ ಬಿಡುವು ಸ್ವಲ್ಪ ಜಾಸ್ತಿ ಇರಲಿ. ಎರಡೂ ಒಂದೇ ಟಿಕೆಟ್‌ನಲ್ಲಿದ್ದು ಮೊದಲನೆಯದು ತಡವಾದರೆ ಸಾಮಾನ್ಯವಾಗಿ ಕಂಪನಿಯವರೇ ಮುಂದಿನ ವಿಮಾನದಲ್ಲಿ ಕೂರಿಸುತ್ತಾರೆ. ನೂರಿನ್ನೂರು ಡಾಲರ್ ಉಳಿಯುತ್ತೆ ಅಂತ ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ, ತಪ್ಪಿದ ವಿಮಾನದ ದುಡ್ಡು ನಿಮ್ಮ ಜೇಬಿನಿಂದಲೇ.